ನೀರಿಲ್ಲದ ಕೆರೆ, ಹೊಗೆಯಾಡಿದ ಡಬ್ಬಿ!

ಮೈಸೂರು: ಮೊನ್ನೆ ರಾತ್ರಿ ಹತ್ತೂವರೆಗೆ ನಮ್ಮಕ್ಕನ ಮನೆಯಿಂದ ಫೋನು. "ಲೋ, ಬೇಗ ಬಾರೋ, ಅಡುಗೆಮನೇಲಿ ಕನ್ನಂಬಾಡಿ ಕಟ್ಟೆ ಹೊಗೆಯಾಡ್ತಾ ಇದೆ!"

ಕಟ್ಟೆ ಒಡೆಯೋದು ಕೇಳಿದ್ದೇವೆ, ಕಟ್ಟೆ ತುಂಬೋದು ಕೇಳಿದ್ದೇವೆ. ಹೊಗೆಯಾಡೋದು ಅಂದ್ರೇನು ಸ್ವಾಮಿ? ಚಪ್ಪಲಿ ಮೆಟ್ಟಿಕೊಂಡು ಓಡಿದೆ.

ಹೋಗಿ ನೋಡಿದರೆ ಸಿಂಕಿನ ಪಕ್ಕದ ಕಲ್ಲಿನ ಮೇಲೆ ಒಂದು ಐಸ್‌ಕ್ರೀಮ್ ಡಬ್ಬಿ. ಅದರೊಳಗೆ ಹಳದಿಗೆ ತಿರುಗಿದ ಗಾಜಿನಂಥ ಮುದ್ದೆ, ನಡುವೆ ಟಿಸಿಲು ಟಿಸಿಲಾಗಿ ಬಿರುಕು. ಡಬ್ಬಿಯ ತಳ ಸೊಟ್ಟಗಾಗಿ ಕಲ್ಲಿಗೆ ಅಂಟಿದೆ. ಮೇಲೆ ತೆಳ್ಳಗೆ ಹೊಗೆ, ಮೂಗಿಗೆ ಘಾಟು. ಒಂಬತ್ತನೇ ಕ್ಲಾಸಿನ ನಮ್ಮ ಹುಡುಗ ಮೂಲೇಲಿ ನಿಂತು ಮುಂಗೈ ತುರಿಸಿಕೊಳ್ತಾ ಇದ್ದಾನೆ. ಇಕ್ಕಳದಲ್ಲಿ ಡಬ್ಬಿ ಕಿತ್ತು ಹಿತ್ತಲಿನ ಸಿಮೆಂಟು ನೆಲದ ಮೇಲಿಟ್ಟು, ಕಿಟಕಿ ಬಾಗಿಲೆಲ್ಲ ತೆಗೆದು, ಆಮೇಲೆ ವಿಚಾರಣೆ.

ವಿಷಯ ಇಷ್ಟೆ. ಮೂರು ದಿನ ಬಿಟ್ಟು ಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನ. ಇವನ ಪಾಲಿಗೆ ಬಂದದ್ದು ಕನ್ನಂಬಾಡಿ. ಥರ್ಮೋಕೋಲಿನಲ್ಲಿ ಕಟ್ಟೆ ಎದ್ದಿದೆ, ಬಾಗಿಲುಗಳೂ ಕೂತಿವೆ, ನೀರೊಂದು ಬಾಕಿ. ಮೊಬೈಲಿನಲ್ಲಿ ವೀಡಿಯೋ ನೋಡಿದ್ದಾನೆ. ಯಾರೋ ಪುಣ್ಯಾತ್ಮ ಗಾಜಿನಂಥ ದ್ರವ ಹುಯ್ಯುತ್ತಾನೆ, ಕಣ್ಣು ಮುಚ್ಚಿ ತೆಗೆಯೋದರಲ್ಲಿ ಸಮುದ್ರ! ಅದರ ಹೆಸರು ರೆಸಿನ್. ಇವನೂ ಕೂಡಿಟ್ಟ ದುಡ್ಡು ತೆಗೆದುಕೊಂಡು ಅಂಗಡಿಗೆ ಹೋಗಿದ್ದಾನೆ. ಅವರು ದೊಡ್ಡ ಕ್ಯಾನಿನಿಂದ ಎರಡು ಖಾಲಿ ನೀರಿನ ಬಾಟಲಿಗೆ ಸುರಿದು ಕೊಟ್ಟಿದ್ದಾರೆ. ಚೀಟಿ ಇಲ್ಲ, ಅಳತೆ ಇಲ್ಲ, ಎಚ್ಚರಿಕೆ ಇಲ್ಲ. "ಎರಡೂ ಕಲಸಿ ಹುಯ್ಯಪ್ಪ" ಎಂಬ ಉಪದೇಶ ಮಾತ್ರ ಪುಕ್ಕಟೆ. ಹುಡುಗ ಅರ್ಧ ಕೆಜಿಗೂ ಮೇಲೆ ಒಂದೇ ಡಬ್ಬಿಯಲ್ಲಿ ಕಲಸಿ, ಊಟ ಮಾಡಿ ಬರ್ತೀನಿ ಅಂತ ಹೋಗಿದ್ದಾನೆ.

ಯಾವ ಅಂಗಡಿ ಅಂತ ಬರೆಯೋದಿಲ್ಲ. ಓದಿದರೆ ಅವರಿಗೇ ಗೊತ್ತಾಗುತ್ತೆ.

ಈ ಊರಿನಲ್ಲಿ ಪುಟ್ಟ ಕೆರೆ, ಪುಟ್ಟ ಹೊಳೆ ಮಾಡೋದು ಹೊಸ ವಿದ್ಯೆ ಏನಲ್ಲ. ನವರಾತ್ರಿ ಬಂದರೆ ಪಟ್ಟದ ಗೊಂಬೆಗಳ ಮೆಟ್ಟಿಲ ಮುಂದೆ ಪಾರ್ಕು ಆಗಲೇಬೇಕು. ವಾರ ಮುಂಚೆ ತಟ್ಟೆಯಲ್ಲಿ ಮರಳು ಮಣ್ಣು ಹಾಕಿ ರಾಗಿ ಚೆಲ್ಲಿದರೆ ಹಬ್ಬಕ್ಕೆ ಸರಿಯಾಗಿ ಹಸಿರು ಹುಲ್ಲು. ನಡುವೆ ಒಂದು ಕನ್ನಡಿ ತುಂಡು ಇಟ್ಟು ಸುತ್ತ ಮರಳು ಒತ್ತಿದರೆ ಕೊಳ. ಕೊಳದ ಮೇಲೆ ಎರಡು ಪಿಂಗಾಣಿ ಬಾತುಕೋಳಿ. ಡಿಸೆಂಬರಿನಲ್ಲಿ ಕ್ರೈಸ್ತರ ಮನೆಗಳ ಗೋದಲಿಯಲ್ಲೂ ಅದೇ ಕನ್ನಡಿ, ಅದೇ ಮರಳು, ಬಾತುಕೋಳಿ ಜಾಗದಲ್ಲಿ ಕುರಿ. ನಮ್ಮಜ್ಜಿಗೆ ಈ ಕೊಳದ ಬಗ್ಗೆ ಎಷ್ಟು ಅಭಿಮಾನ ಅಂದ್ರೆ, ನಿಂತು ನೋಡಿದವರನ್ನು ಗದರಿಸಿ ನೆಲದ ಮೇಲೆ ಕೂರಿಸುತ್ತಿದ್ದರು. ಯಾಕೆ ಅಂತ ನನಗೆ ಗೊತ್ತಾದದ್ದು ಈಗ.

ನನ್ನದೂ ಒಂದು ಕತೆ ಇದೆ, ಹೇಳಿಬಿಡ್ತೀನಿ. ಹೈಸ್ಕೂಲಿನಲ್ಲಿ ಜೋಗದ ಜಲಪಾತ ಮಾಡಿದ್ದೆ. ಪ್ಲಾಸ್ಟರಿನ ಬಂಡೆ, ಹಿಂದೆ ಸ್ಟೂಲಿನ ಮೇಲೆ ಬಕೆಟ್ಟು, ಕಾಂಪೌಂಡರ್ ಹತ್ತಿರ ಬೇಡಿ ತಂದ ಗ್ಲೂಕೋಸ್ ಪೈಪು. ನಿಜವಾದ ನೀರು! ತೀರ್ಪುಗಾರರು ಬಂದರು, ಪೈಪು ಬಿಟ್ಟೆ. ನೀರು ತೊಟತೊಟ ಬಿತ್ತು. ಅವರು ಕನ್ನಡಕ ಸರಿಮಾಡಿಕೊಂಡು "ಇದೇನಪ್ಪಾ, ನಲ್ಲಿ ರಿಪೇರಿ ಮಾಡೆಲ್ಲಾ?" ಅಂದರು. ಅಷ್ಟರಲ್ಲಿ ಪ್ಲಾಸ್ಟರು ನೆಂದು, ನೀರು ಪಕ್ಕದ ಮೇಜಿಗೆ ಇಳಿದು, ಅಲ್ಲಿದ್ದವನ ಹೃದಯದ ಚಾರ್ಟು ಒದ್ದೆ. ಬಹಳ ವರ್ಷ ನನಗೆ ಒಂದೇ ಪ್ರಶ್ನೆ: ನಿಜವಾದ ನೀರು ಹಾಕಿದರೂ ಅದು ನೀರಿನ ಹಾಗೆ ಯಾಕೆ ಕಾಣಲಿಲ್ಲ?

ಉತ್ತರ ಸಿಕ್ಕಿದ್ದು ಬಸ್ಸಿನಲ್ಲಿ

ಡಬ್ಬಿ ಹೊಗೆಯಾಡಿದ ಮರುದಿನ ಬೆಳಿಗ್ಗೆ ಹುಡುಗನನ್ನು ಡಾಕ್ಟರಿಗೆ ತೋರಿಸಿ, ನಾನು ಕೆಆರ್‌ಎಸ್ ಬಸ್ಸು ಹತ್ತಿದೆ. ಕನ್ನಂಬಾಡಿ ಹತ್ತಿರ ಕರ್ನಾಟಕ ಇಂಜಿನಿಯರಿಂಗ್ ಸಂಶೋಧನಾ ಕೇಂದ್ರ ಇದೆಯಲ್ಲ, ಅಲ್ಲಿ ಅಣೆಕಟ್ಟುಗಳನ್ನು ಚಿಕ್ಕದಾಗಿ ಕಟ್ಟಿ ನಿಜವಾದ ನೀರನ್ನೇ ಹಾಯಿಸಿ ಪರೀಕ್ಷೆ ಮಾಡ್ತಾರೆ. ಆ ಕೆಲಸ ಬಲ್ಲ ಒಬ್ಬ ನಿವೃತ್ತ ಇಂಜಿನಿಯರರು ನನಗೆ ಪರಿಚಯ. ಬೆಳಗೊಳದ ಕಡೆ ಹೋಗುವವರು, ಅದೇ ಬಸ್ಸಿಗೆ ಬರ್ತೀನಿ ಅಂದಿದ್ದರು. "ನನ್ನ ಹೆಸರು ಗಿಸರು ಹಾಕಬೇಡಪ್ಪ" ಅಂತ ಮೊದಲೇ ಷರತ್ತು.

ನನ್ನ ಜೋಗದ ಕತೆ ಕೇಳಿ ಅವರು ನಕ್ಕ ನಗೆಗೆ ಕಂಡಕ್ಟರು ತಿರುಗಿ ನೋಡಿದ. ಆಮೇಲೆ ಟಿಕೆಟ್ಟಿನ ಹಿಂದೆಯೇ ಲೆಕ್ಕ ಬರೆದರು. ಪಿಯುಸಿ ಅರ್ಧಕ್ಕೆ ಬಿಟ್ಟ ನನ್ನಂಥವನಿಗೂ ಅರ್ಥವಾಯಿತು, ಹಾಗಾಗಿ ನಿಮಗೂ ಆಗುತ್ತೆ.

ಜೋಗದಲ್ಲಿ ರಾಜಾ ಧಾರೆಯ ಎತ್ತರ 253 ಮೀಟರ್. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೂ ಮೇಲಿಂದ ಹೊರಟ ನೀರು ತಳ ಮುಟ್ಟೋಕೆ ಏಳು ಸೆಕೆಂಡಿಗೂ ಹೆಚ್ಚು ಬೇಕು. ಆ ಏಳು ಸೆಕೆಂಡಿನಲ್ಲಿ ನಮ್ಮ ಕಣ್ಣು ಅದರ ಜೊತೆಗೇ ಇಳಿಯುತ್ತೆ, ಗಾಂಭೀರ್ಯ ಬರೋದು ಅಲ್ಲಿ. ಅದನ್ನೇ ನೂರರಲ್ಲಿ ಒಂದು ಪಾಲು ಮಾಡಿ ಎರಡೂವರೆ ಮೀಟರಿಗೆ ಇಳಿಸಿ. ಈಗ ನೀರು ಬೀಳೋಕೆ ಮುಕ್ಕಾಲು ಸೆಕೆಂಡೂ ಬೇಡ. ಎತ್ತರ ನೂರು ಪಟ್ಟು ಕುಗ್ಗಿದರೆ ಹೊತ್ತು ಹತ್ತು ಪಟ್ಟು ಕುಗ್ಗುತ್ತೆ. ಭೂಮಿಯ ಸೆಳೆತವನ್ನು ನಾವು ಕುಗ್ಗಿಸೋಕೆ ಆಗಲ್ಲವಲ್ಲ! ಮನೆಯ ನಲ್ಲಿಯಲ್ಲಿ ದಿನಾ ನೋಡುವ ವೇಗ ಅದು, ಅದಕ್ಕೇ ಕಣ್ಣು ತಕ್ಷಣ 'ನಲ್ಲಿ' ಅನ್ನುತ್ತೆ.

ಇನ್ನೊಂದು, ಹನಿ. ಮಳೆಯ ದಪ್ಪ ಹನಿ ಮೂರು ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ಮಾದರಿ ಚಿಕ್ಕದಾಯಿತು ಅಂತ ಹನಿ ಚಿಕ್ಕದಾಗಲ್ಲ. ನೂರಕ್ಕೆ ಒಂದರ ಲೆಕ್ಕದಲ್ಲಿ ಆ ಹನಿ ಮೂವತ್ತು ಸೆಂಟಿಮೀಟರ್ ಆಯಿತು. ಕುಂಬಳಕಾಯಿ! ನನ್ನ ಜೋಗದಲ್ಲಿ ತೊಟತೊಟ ಬಿದ್ದದ್ದು ನೀರಲ್ಲ, ಕುಂಬಳಕಾಯಿ. ಅಂಚಿನಲ್ಲೂ ಅದೇ ಗೋಳು. ಲೋಟದ ಅಂಚಿಗೆ ನೀರು ಒಂಚೂರು ಮೇಲಕ್ಕೆ ಹತ್ತಿಕೊಂಡು ನಿಂತಿರುತ್ತಲ್ಲ, ಆ ಎರಡು ಮಿಲಿಮೀಟರು ಪುಟ್ಟ ಕೆರೆಯ ದಡದಲ್ಲಿ ಗೇಣುದ್ದ ಏರಿ ನಿಂತ ಗೋಡೆಯಾಗುತ್ತೆ.

"ಹಾಗಾದ್ರೆ ನಿಮ್ಮ ಮಾದರಿಗಳಲ್ಲಿ ಸಾರ್?"

"ನಮಗೆ ಚೆಂದ ಬೇಡಪ್ಪ, ಅಳತೆ ಬೇಕು. ಹೊತ್ತಿನ ಲೆಕ್ಕ ಗೊತ್ತಿದ್ದರೆ ಸಾಕು, ಮಾದರಿಯ ಒಂದು ನಿಮಿಷ ನಿಜವಾದ ಕಟ್ಟೆಯಲ್ಲಿ ಎಷ್ಟು ಅಂತ ಹೇಳಬಹುದು."

ಈ ಲೆಕ್ಕ ಕಂಡುಹಿಡಿದವನು ವಿಲಿಯಂ ಫ್ರೂಡ್ ಎಂಬ ಇಂಗ್ಲಿಷ್ ಇಂಜಿನಿಯರ್. 1870ರ ದಶಕದಲ್ಲಿ ಟಾರ್ಕೀ ಎಂಬ ಊರಿನಲ್ಲಿ ಉದ್ದನೆಯ ತೊಟ್ಟಿ ಕಟ್ಟಿಸಿ, ಮೇಣದ ಹಡಗುಗಳನ್ನು ಎಳೆದು ನೋಡಿದವನು. ಹನಿಯ ತರಲೆ ಕಡಿಮೆಯಾಗಲಿ ಅಂತಲೇ ಇಂಜಿನಿಯರರು ಮಾದರಿಯನ್ನು ಆದಷ್ಟು ದೊಡ್ಡದಾಗಿ, ಷೆಡ್ಡಿನಷ್ಟು ಅಗಲಕ್ಕೆ ಕಟ್ಟೋದು. ಸಿನಿಮಾದವರ ಉಪಾಯ ಬೇರೆ. ತೊಟ್ಟಿಯಲ್ಲಿ ಆಟಿಕೆ ಹಡಗು ಮುಳುಗಿಸುವಾಗ ಕ್ಯಾಮೆರಾ ಜೋರಾಗಿ ಓಡಿಸ್ತಾರೆ. ನೂರಕ್ಕೆ ಒಂದರ ಹಡಗಾದರೆ ಸೆಕೆಂಡಿಗೆ 24 ಚಿತ್ರದ ಬದಲು 240. ಪರದೆಯ ಮೇಲೆ ಅಲೆ ನಿಧಾನವಾಗಿ ಎದ್ದು ನಿಧಾನವಾಗಿ ಒಡೆಯುತ್ತೆ, ನಾವು ಬಾಯಿ ಬಿಟ್ಟುಕೊಂಡು ನೋಡ್ತೀವಿ. ಆದರೆ ಶಾಲೆಯ ಮೇಜಿನ ಮುಂದೆ ನಿಂತವರ ಕಣ್ಣನ್ನು ಹತ್ತು ಪಟ್ಟು ಜೋರಾಗಿ ಓಡಿಸೋಕೆ ಆಗುತ್ತಾ?

ಆಗಲ್ಲ. ಅಲ್ಲಿಗೆ ನಿಜವಾದ ನೀರಿನ ಆಸೆ ಬಿಟ್ಟೆ. ನೀರಲ್ಲದ್ದರಲ್ಲಿ ನೀರು ಮಾಡಬೇಕು, ಅದೂ ಕದಲದ ನೀರು. ಬೆಳಗೊಳದಲ್ಲಿ ಇಳಿದು, ಎದುರು ಬಂದ ಬಸ್ಸಿಗೆ ಕೈ ಅಡ್ಡ ಹಾಕಿ ವಾಪಸು ಊರಿಗೆ.

ಗಾಜಿನ ಅಂಗಡಿ ಯಜಮಾನರ ಪಾಠ

ಶಿವರಾಂಪೇಟೆ ಕಡೆಯ ಒಂದು ಗಲ್ಲಿಯಲ್ಲಿ ಗಾಜು ಕೊಯ್ಯುವ ಹಿರಿಯರೊಬ್ಬರಿದ್ದಾರೆ. ಪಟಕ್ಕೆ ಕಟ್ಟು ಹಾಕೋದು, ಕಿಟಕಿಗೆ ಗಾಜು ಕೂರಿಸೋದು ಅವರ ಕಸುಬು. ನವರಾತ್ರಿಯ ಹೊತ್ತಿಗೆ ಮಾತ್ರ ಅಂಗಡಿ ಮುಂದೆ ಹೆಂಗಸರ ಸಾಲು, ಎಲ್ಲರಿಗೂ ಕೊಳಕ್ಕೆ ಕನ್ನಡಿ ಬೇಕು. ಕನ್ನಂಬಾಡಿಗೆ ದೊಡ್ಡ ಕನ್ನಡಿ ಬೇಕು ಯಜಮಾನ್ರೇ ಅಂದೆ. "ಕನ್ನಡಿ ಯಾಕೆ ಸ್ವಾಮಿ? ಮೇಲೆ ತಿರುಗೋ ಫ್ಯಾನು ಕಾಣೋಕಾ?" ಅಂದರು!

ಸತ್ಯವಾದ ಮಾತು. ಮೇಜಿನ ಮೇಲಿಟ್ಟ ಕನ್ನಡಿಯನ್ನು ನಿಂತು ಬಗ್ಗಿ ನೋಡಿದರೆ ಟ್ಯೂಬ್‌ಲೈಟು, ಫ್ಯಾನು, ನಮ್ಮದೇ ಮೂತಿ. ನಿಜವಾದ ಕೆರೆ ಹಾಗಲ್ಲ. ಏರಿಯ ಮೇಲಿಂದ ದೂರಕ್ಕೆ ನೋಡಿದರೆ ನೀರು ಆಕಾಶ ತೋರಿಸುತ್ತೆ. ಕಾಲಬುಡದಲ್ಲಿ ನೆಟ್ಟಗೆ ಬಗ್ಗಿ ನೋಡಿದರೆ ತಳದ ಮಣ್ಣು, ಕಲ್ಲು, ಪಾಚಿ. ನೇರವಾಗಿ ನೋಡುವಾಗ ನೀರು ವಾಪಸು ಕೊಡೋದು ನೂರಕ್ಕೆ ಎರಡು ಪಾಲು ಬೆಳಕು ಅಷ್ಟೆ. ಓರೆಯಾಗಿ ನೋಡಿದಷ್ಟೂ ಹೆಚ್ಚು. ಕನ್ನಡಿಗೆ ಈ ಭೇದ ಗೊತ್ತಿಲ್ಲ, ಎತ್ತಲಿಂದ ನೋಡಿದರೂ ಕನ್ನಡಿಯೇ. ಬಾಗಿಲ ಹತ್ತಿರ ನೆಲಕ್ಕೆ ಕೂತು ನೋಡಿದರೆ ಮಾತ್ರ ಕೊಳ. ನಮ್ಮಜ್ಜಿ ಗದರಿಸಿ ಕೂರಿಸುತ್ತಿದ್ದದ್ದು ಇದಕ್ಕೇ!

ಯಜಮಾನರು ಕೊಟ್ಟದ್ದು ಸಾದಾ ಗಾಜು, ಕಿಟಕಿಗೆ ಹಾಕುವ ನಾಲ್ಕು ಮಿಲಿಮೀಟರಿನದು, ಯಾರಿಗೋ ಕೊಯ್ದು ಉಳಿದ ಪಟ್ಟಿ. ಬಣ್ಣ ಗಾಜಿನ ಹಿಂದೆ ಬಳಿಯಬೇಕು. ಗಾಜಿನ ಹಿಂದೆ ದೇವರ ಪಟ ಬರೆಯುವವರ ಕ್ರಮವೇ ಇಲ್ಲೂ: ಮುಂದೆ ಕಾಣಬೇಕಾದದ್ದನ್ನು ಮೊದಲು ಬಳಿಯೋದು, ಆಮೇಲೆ ಅದರ ಹಿಂದಿನದು. ದಡದ ಹತ್ತಿರ ಮಣ್ಣಿನ ಬಣ್ಣ ತೆಳ್ಳಗೆ, ಒಳಕ್ಕೆ ಹೋದ ಹಾಗೆ ಪಾಚಿ ಹಸಿರು, ನಡುವೆ ಕಪ್ಪು ಬೆರೆತ ಹಸಿರು. ಆಳ ಅನ್ನೋದು ಈ ಕತ್ತಲೆಯಿಂದಲೇ ಬರೋದು. ಎಷ್ಟು ಆಳ ಹುಯ್ದರು ಅನ್ನೋದರಿಂದಲ್ಲ.

ನಮ್ಮ ಹುಡುಗ ನೀಲಿ ಡಬ್ಬಿ ಹಿಡಿದು ನಿಂತಿದ್ದ. "ಮಾಮ, ನೀರು ನೀಲಿ ಅಲ್ವಾ?" ಅಂದ. ಎಲ್ಲ ಮಕ್ಕಳೂ ಹೀಗೇ, ಯಾರು ಕಲಿಸಿದರೋ ಕಾಣೆ. ನಮ್ಮ ಯಾವ ಕೆರೆ ನೀಲಿ ಇದೆ? ಮಳೆಗಾಲದಲ್ಲಿ ಕಾವೇರಿ ಕೆಮ್ಮಣ್ಣಿನ ಬಣ್ಣ, ಬೇಸಿಗೆಯಲ್ಲಿ ಹಸಿರು. ನೀಲಿ ಕಾಣೋದು ಆಕಾಶದ ನೆರಳು. ಗಾಜಿನ ಮೇಲ್ಮೈ ಅದನ್ನು ತಾನೇ ತೋರಿಸುತ್ತೆ, ನಾವು ಬಳಿಯಬೇಕಾಗಿಲ್ಲ. ನೀಲಿ ಡಬ್ಬಿ ಕಸಿದಿಟ್ಟೆ.

ಇನ್ನು ದಡ. ಕೆಲಸ ಕೆಡೋದೂ ಗೆಲ್ಲೋದೂ ಇಲ್ಲೇ. ಗಾಜನ್ನು ಡೊಂಕುಡೊಂಕಾಗಿ ಕೊಯ್ಯೋ ತಂಟೆಗೆ ಹೋಗಬೇಡಿ. ಚೌಕದ ಗಾಜೇ ಇರಲಿ, ಅದರ ಮೇಲಕ್ಕೆ ಮಣ್ಣು ಏರಿಸಿ ಡೊಂಕು ಮಾಡಿ. ಗಾಜಿನ ಅಂಚು ಒಂದು ಕಡೆ ಇಣುಕಿದರೂ ಗುಟ್ಟು ರಟ್ಟು. ಜರಡಿ ಹಿಡಿದ ಮರಳನ್ನು ಅಂಟಿನಲ್ಲಿ ಕೂರಿಸಿ, ನೀರಿಗೆ ತಾಗುವ ಕಡೆ ಬೆರಳಗಲದ ಪಟ್ಟಿಗೆ ಗಾಢ ಬಣ್ಣ ಕೊಡಿ. ಒದ್ದೆ ಮಣ್ಣು ಒಣ ಮಣ್ಣಿಗಿಂತ ಕಪ್ಪು ತಾನೆ? ಆ ಪಟ್ಟಿ ಬಂದ ಗಳಿಗೆಯಲ್ಲಿ ನನ್ನ ಕಣ್ಣೆದುರಿಗೇ ಗಾಜು ನೀರಾಯಿತು. ಹುಡುಗನೂ ಸುಮ್ಮನಾದ, ಅಕ್ಕನೂ ಒಲೆ ಬಿಟ್ಟು ಬಂದು ನೋಡಿದಳು.

ಅಲೆಗೆ ಬಿಳಿ ಫೆವಿಕಾಲ್ ಸಾಕು. ತೆಳ್ಳಗೆ ಸವರಿ ಸ್ಪಂಜಿನಲ್ಲಿ ತಟ್ಟಿದರೆ ಒಣಗಿ ಪಾರದರ್ಶಕ ಆಗುತ್ತೆ. ದಪ್ಪ ಬಳಿದರೆ ಒಳಗೆ ಬಿಳಿ ಉಳಿಯುತ್ತೆ, ಮೇಲೆ ನೀರು ಚೆಲ್ಲಿದರೆ ಮತ್ತೆ ಹಾಲಾಗುತ್ತೆ. ಆದರೆ ಅತಿಯಾಸೆ ಬೇಡ. ಕನ್ನಂಬಾಡಿ ಕಟ್ಟೆಯ ಉದ್ದ ಸುಮಾರು 8,600 ಅಡಿ. ಅಷ್ಟನ್ನೂ ಇನ್ನೂರಕ್ಕೆ ಒಂದು ಅಂತ ಇಳಿಸಿದರೂ 43 ಅಡಿ, ಶಾಲೆಯ ಹಾಲು ಸಾಲದು. ಆದ್ದರಿಂದ ಹುಡುಗ ಬಾಗಿಲುಗಳ ಭಾಗ ಮಾತ್ರ ಮಾಡಿದ್ದ. ಆ ಅಳತೆಯಲ್ಲಿ ಅರ್ಧ ಅಂಗುಲದ ಅಲೆ ಅಂದರೆ ಎಂಟು ಅಡಿಗೂ ಹೆಚ್ಚು, ಬಂಗಾಳ ಕೊಲ್ಲಿಯ ತೂಫಾನು! ಹಿನ್ನೀರು ಬಹುಪಾಲು ನುಣ್ಣಗೇ ಇರಲಿ ಅಂತ ಬಿಟ್ಟೆವು.

ಬಾಗಿಲಿಂದ ಧುಮುಕುವ ನೀರಿಗೆ ಮೀನಿನ ತೊಟ್ಟಿಗೆ ಬಳಸುವ ಸಿಲಿಕೋನ್ ಅಂಟು. ಪ್ಲಾಸ್ಟಿಕ್ ಹಾಳೆಯ ಮೇಲೆ ಎಳೆ ಎಳೆಯಾಗಿ ಎಳೆದು, ಹಲ್ಲುಕಡ್ಡಿಯಲ್ಲಿ ಉದ್ದಕ್ಕೆ ಗೀರಿ, ರಾತ್ರಿಯೆಲ್ಲ ಒಣಗಿಸಿದರೆ ಬೆಳಿಗ್ಗೆ ಸಿಪ್ಪೆಯ ಹಾಗೆ ಏಳುತ್ತೆ. ಒಣಗುವಾಗ ವಿನಿಗರ್ ವಾಸನೆ, ಕಿಟಕಿ ತೆಗೆದಿರಲಿ. ಮೇಲೆ ಬಿಳಿ ಬಣ್ಣವನ್ನು ಒಣ ಬ್ರಷ್ಷಿನಲ್ಲಿ ಅಲ್ಲಲ್ಲಿ ಮುಟ್ಟಿಸಬೇಕು. ತಳದಲ್ಲಿ ನೊರೆಗೆ ಹತ್ತಿ, ಆದರೆ ಚಿಟಿಕೆಯಷ್ಟು. ಹಿಡಿ ಹತ್ತಿ ಇಟ್ಟರೆ ಹಾಸಿಗೆ ಹರಿದ ಹಾಗೆ ಕಾಣುತ್ತೆ.

ಚೈನಾಗ್ರಾಸ್ ಕಾಯಿಸಿ ಹುಯ್ದರೆ ಥೇಟ್ ನೀರು ಅಂತ ಪಕ್ಕದ ಮನೆಯವರ ಸಲಹೆಯೂ ಬಂತು. ಮೊದಲ ದಿನ ನಿಜಕ್ಕೂ ಚೆಂದ. ಎರಡನೇ ದಿನ ಕುಗ್ಗಿ ದಡ ಬಿಡುತ್ತೆ, ಸಕ್ಕರೆ ಹಾಕಿದ್ದರೆ ಇರುವೆ ಸಾಲು.

ಅಂಗಡಿಯವರಲ್ಲಿ ಅರಿಕೆ

ರೆಸಿನ್ ಕೆಟ್ಟದ್ದು ಅಂತ ನಾನು ಹೇಳ್ತಾ ಇಲ್ಲ. ಬಲ್ಲವರ ಕೈಯಲ್ಲಿ ಅದರಷ್ಟು ಚೆನ್ನಾಗಿ ಆಳ ತೋರಿಸೋದು ಇನ್ನೊಂದಿಲ್ಲ, ಒಳಗೆ ಮೀನು ಕೂಡ ಈಜುವ ಹಾಗೆ ನಿಲ್ಲಿಸಬಹುದು. ಆದರೆ ಅದು ಒಣಗೋದಲ್ಲ, ಎರಡು ದ್ರವ ಕೂಡಿ ಗಟ್ಟಿಯಾಗೋದು. ಕೂಡುವಾಗ ಕಾವು ಹುಟ್ಟುತ್ತೆ. ತೆಳ್ಳಗೆ ಹರಡಿದರೆ ಕಾವು ಹಾರಿಹೋಗುತ್ತೆ. ಡಬ್ಬಿಯಲ್ಲಿ ಗುಡ್ಡೆಯಾಗಿ ನಿಂತರೆ ಕಾವು ಒಳಗೇ ಉಳಿದು, ಆ ಕಾವಿಗೆ ಇನ್ನೂ ಬೇಗ ಕೂಡಿ, ಇನ್ನೂ ಕಾವು. ಹಸಿ ಹುಲ್ಲನ್ನು ಮೆದೆ ಹಾಕಿದರೆ ಒಳಗೆ ಬಿಸಿಯೇರುತ್ತಲ್ಲ, ಹಾಗೆ. ಅಕ್ಕನ ಅಡುಗೆಮನೆಯಲ್ಲಿ ಆದದ್ದು ಅದೇ. ಅದನ್ನೇ ಥರ್ಮೋಕೋಲಿನ ಕಟ್ಟೆಗೆ ಹುಯ್ದಿದ್ದರೆ ಕಟ್ಟೆ ಕರಗಿ ಕುಸಿಯುತ್ತಿತ್ತು. ಸಾಧಾರಣ ರೆಸಿನ್ ಅನ್ನು ಒಂದು ಸಲಕ್ಕೆ ಮೂರರಿಂದ ಆರು ಮಿಲಿಮೀಟರಿಗಿಂತ ದಪ್ಪ ಹುಯ್ಯಬಾರದು. ಎರಡು ದ್ರವದ ಪ್ರಮಾಣ ಒಂದೊಂದು ಕಂಪನಿಗೆ ಒಂದೊಂದು ಥರ. ತಪ್ಪಿದರೆ ಹಲಸಿನ ಮೇಣದ ಹಾಗೆ ಅಂಟಂಟು, ಎಷ್ಟು ದಿನ ಕಾದರೂ ಅಷ್ಟೆ.

ಈ ಪ್ರಮಾಣ, ಈ ದಪ್ಪ, ಎಲ್ಲವೂ ಬರೆದಿರೋದು ಮೂಲ ಡಬ್ಬಿಯ ಚೀಟಿಯ ಮೇಲೆ. ನೀವು ಕ್ಯಾನಿನಿಂದ ನೀರಿನ ಬಾಟಲಿಗೆ ಸುರಿದ ಗಳಿಗೆಯಲ್ಲೇ ಆ ಚೀಟಿ ಕಳೆದುಹೋಯಿತು. ನೀರಿನ ಬಾಟಲಿಯಲ್ಲಿ ನೀರಿನಂಥದೇ ದ್ರವ, ಮನೆಯಲ್ಲಿ ಸಣ್ಣ ಮಕ್ಕಳು. ಯಾರಾದರೂ ಎತ್ತಿ ಕುಡಿದಿದ್ದರೆ? ಗಟ್ಟಿ ಮಾಡುವ ದ್ರವ ಚರ್ಮಕ್ಕೆ ಬಹಳ ಕೆಟ್ಟದ್ದು. ಡಾಕ್ಟರು ಹೇಳಿದರು, ಒಮ್ಮೆ ಇದಕ್ಕೆ ಅಲರ್ಜಿ ಹತ್ತಿತು ಅಂದರೆ ಮುಂದೆ ಎಂದಾದರೂ ಒಂಚೂರು ತಾಗಿದರೂ ತುರಿಕೆ ಏಳುತ್ತೆ, ಬಿಟ್ಟು ಹೋಗೋದು ಕಷ್ಟ. ಹುಡುಗ ಕೈಗೆ ಅಂಟಿದ್ದನ್ನು ತೆಗೆಯೋಕೆ ಪೇಂಟಿನ ತಿನ್ನರ್ ಉಜ್ಜಿದ್ದನಂತೆ. ಅದಂತೂ ಅನಾಹುತ, ಅಂಟನ್ನು ಚರ್ಮದೊಳಕ್ಕೇ ತಳ್ಳುತ್ತೆ. ಒರೆಸಿ, ಸೋಪು ನೀರಲ್ಲಿ ತೊಳೆಯಬೇಕು. ಮೊದಲೇ ನೈಟ್ರೈಲ್ ಕೈಗವಸು ಹಾಕಿದ್ದರೆ ಈ ಪಾಡೇ ಇಲ್ಲ.

ಸೀಲು ಮಾಡಿದ ಡಬ್ಬಿಯಲ್ಲೇ ಮಾರಿ. ಶಾಲೆ ಯೂನಿಫಾರಂ ಹಾಕಿದವರು ಬಂದರೆ ದೊಡ್ಡವರನ್ನು ಕರೆದುಕೊಂಡು ಬಾ ಅನ್ನಿ. ಚೀಟಿಯ ಇಂಗ್ಲಿಷನ್ನು ನಾಲ್ಕು ಸಾಲು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸೋಕೆ ಎಷ್ಟು ಖರ್ಚು? ಬರೆದುಕೊಡು ಅಂದರೆ ನಾನೇ ಬಂದು ಬರೆದುಕೊಡ್ತೀನಿ, ಕಾಫಿ ಕೊಟ್ಟರೆ ಸಾಕು.

ಬಹುಮಾನ ಬಂತಾ ಅಂತ ಕೇಳ್ತೀರಿ. ಬರಲಿಲ್ಲ. ಮಳೆನೀರು ಕೊಯ್ಲು ಮಾಡಿದ್ದ ಹುಡುಗಿಗೆ ಹೋಯಿತು, ಅದು ಚೆನ್ನಾಗಿಯೂ ಇತ್ತು. ಆದರೆ ಕನ್ನಂಬಾಡಿ ಮುಂದೆ ನಿಂತವರಲ್ಲಿ ಬಹಳ ಜನ ಬೆರಳು ಚಾಚಿ ಮುಟ್ಟಿ ನೋಡಿದರು. ಸಂಜೆಗೆ ಗಾಜಿನ ತುಂಬ ಬೆರಳ ಗುರುತು, ಅಕ್ಕ ಸೆರಗಿನಲ್ಲಿ ಒರೆಸಿ ಒರೆಸಿ ಸುಸ್ತಾದಳು. ಹುಡುಗನ ಮುಂಗೈ ಇನ್ನೂ ಕೆಂಪಗಿದೆ, ಮುಲಾಮು ಹಚ್ಚುತ್ತಿದ್ದಾನೆ.

ಗಾಜಿನ ಯಜಮಾನರ ಅಂಗಡಿಯಲ್ಲಿ ಉಳಿಕೆ ತುಂಡುಗಳ ಪೆಟ್ಟಿಗೆ ಬಾಗಿಲ ಪಕ್ಕದಲ್ಲೇ ಇರುತ್ತೆ. ರಟ್ಟಿನಲ್ಲಿ ಅಳತೆ ಕತ್ತರಿಸಿ ತರಬೇಕಂತೆ. ಅಂಚು ಉಜ್ಜಿಸಿಕೊಳ್ಳದೆ ಒಯ್ದು ಕೈ ಕೊಯ್ದುಕೊಂಡರೆ ತಮ್ಮನ್ನು ಕೇಳಬಾರದಂತೆ.

ನಮ್ಮ ಹುಡುಗನ ಗಾಜನ್ನು ಪಕ್ಕದ ಬೀದಿಯವರು ಡಿಸೆಂಬರಿನ ಗೋದಲಿಗೆ ಈಗಲೇ ಕೇಳಿಟ್ಟಿದ್ದಾರೆ. ಕಟ್ಟೆ ಬೇಡ, ನೀರು ಮಾತ್ರ ಸಾಕಂತೆ.